ಕತ್ತಲ ಇತಿಹಾಸದ ಕಾಲ್ನಡಿಗೆ: ಅಮೀನಗಡ–ಐಹೊಳೆ ಭಾಗದ ವ್ಯಾಪಾರಕ್ಕೊಂದು ಹೊಸ ದಾರಿ

ಅಮೀನಗಡವೆಂದೊಡನೆ ನಾಡಿನ ಜನರಿಗೆ ನೆನಪಾಗುವುದು ಕರದಂಟು. ಕೂಡಲಸಂಗಮದಿಂದಲೋ ಹುನಗುಂದದಿಂದಲೋ ಐಹೊಳೆಗೆ ಹೊರಟ ಪ್ರವಾಸಿಗರು ನಮ್ಮೂರಿನಲ್ಲಿ ವಾಹನ ನಿಲ್ಲಿಸುತ್ತಾರೆ, ಚಹಾ ಕುಡಿಯುತ್ತಾರೆ, ಒಂದೆರಡು ಪೊಟ್ಟಣ ಕರದಂಟು ಕೊಳ್ಳುತ್ತಾರೆ, ಮುಂದೆ ಸಾಗುತ್ತಾರೆ. ಬೆಳಿಗ್ಗೆ ಐಹೊಳೆ, ಮಧ್ಯಾಹ್ನ ಪಟ್ಟದಕಲ್ಲು, ಸಂಜೆ ಬಾದಾಮಿ ಎಂಬುದು ಬಹುತೇಕ ಪ್ರವಾಸಿಗರ ಕಾರ್ಯಕ್ರಮ. ಶಿಲ್ಪಕಲೆಯ ತೊಟ್ಟಿಲೆನಿಸಿದ ಐಹೊಳೆಯ ಹೆಬ್ಬಾಗಿಲಿನಲ್ಲಿಯೇ ಇದ್ದರೂ ನಮ್ಮ ಪಾಲಿಗೆ ದಕ್ಕುವುದು ಅರ್ಧ ಗಂಟೆಯ ವ್ಯಾಪಾರ ಮಾತ್ರ. ಬಂದವರನ್ನು ಒಂದು ರಾತ್ರಿ ಇಲ್ಲಿಯೇ ತಂಗುವಂತೆ ಮಾಡುವುದು ಹೇಗೆ ಎಂಬುದು ಈ ಭಾಗದ ಅಂಗಡಿಕಾರರು, ಖಾನಾವಳಿಯವರು, ವಸತಿಗೃಹದವರು ಮತ್ತು ವಾಹನ ಮಾಲೀಕರು ಕೂಡಿ ಯೋಚಿಸಬೇಕಾದ ಪ್ರಶ್ನೆಯಾಗಿದೆ. ಈ ದಿಸೆಯಲ್ಲಿ, ಜಗತ್ತಿನ ಹಲವು ನಗರಗಳಲ್ಲಿ ನೆಲೆಯೂರಿರುವ ಒಂದು ಸೇವೆಯನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ಏನಿದು ಕತ್ತಲ ನಡಿಗೆ?

ಊರಿನ ಯುದ್ಧ, ಕೊಲೆ, ಗಲ್ಲು, ಬರ, ರೋಗರುಜಿನಗಳ ಕಥೆಗಳನ್ನೂ, ಜನಮನದಲ್ಲಿ ಉಳಿದುಬಂದ ದೆವ್ವ–ಪಿಶಾಚಿಗಳ ಪ್ರತೀತಿಗಳನ್ನೂ ಆಯಾ ಸ್ಥಳದಲ್ಲಿಯೇ ನಿಂತು ಹೇಳುತ್ತ, ಹತ್ತು–ಇಪ್ಪತ್ತು ಜನರ ಗುಂಪನ್ನು ಮಾರ್ಗದರ್ಶಕರೊಬ್ಬರು ಕಾಲ್ನಡಿಗೆಯಲ್ಲಿ ಕರೆದೊಯ್ಯುವುದೇ ಈ ಸೇವೆ. ಇದು ಸಾಮಾನ್ಯವಾಗಿ ಸಂಜೆ ಆರಂಭವಾಗಿ ಒಂದೂವರೆ–ಎರಡು ಗಂಟೆಯಲ್ಲಿ ಮುಗಿಯುತ್ತದೆ. ಬಂಡವಾಳ ಅತ್ಯಲ್ಪ, ಕಟ್ಟಡ ಬೇಡ, ಯಂತ್ರ ಬೇಡ. ಬೇಕಾದುದು ಊರನ್ನು ಬಲ್ಲ, ಮಾತು ಬಲ್ಲ ಒಬ್ಬ ವ್ಯಕ್ತಿ ಮತ್ತು ಚೆನ್ನಾಗಿ ಸಿದ್ಧಪಡಿಸಿದ ಕಥನ.

ಸ್ಕಾಟ್ಲೆಂಡಿನ ಎಡಿನ್‌ಬರೋ ನಗರವು ಇದಕ್ಕೆ ಹೆಸರುವಾಸಿ. ಅಲ್ಲಿ 1985ರಲ್ಲಿ ಆರಂಭವಾದ ಮರ್ಕಾಟ್ ಟೂರ್ಸ್ ಇಂದಿಗೂ ನಡೆಯುತ್ತಿದೆ. ಹಳೆಯ ಕಟ್ಟಡಗಳ ಅಡಿಯಲ್ಲಿ ಹೂತುಹೋಗಿದ್ದ ಮೇರಿ ಕಿಂಗ್ಸ್ ಕ್ಲೋಸ್ ಎಂಬ ಓಣಿಯನ್ನು 2003ರಲ್ಲಿ ಪ್ರವಾಸಿಗರಿಗೆ ತೆರೆಯಲಾಯಿತು. ನಮ್ಮ ದೇಶದಲ್ಲಿ ದೆಹಲಿ ಪ್ರವಾಸೋದ್ಯಮ ಸಂಸ್ಥೆಯು 2023ರಲ್ಲಿ ಮಾಲ್ಚಾ ಮಹಲ್‌ನಿಂದ ಇಂತಹುದೇ ನಡಿಗೆಗಳನ್ನು ಆರಂಭಿಸಿತು. ತುಘಲಕರ ಕಾಲದ ಆ ಬೇಟೆಮನೆಯಲ್ಲಿ ಅವಧ್ ರಾಜವಂಶದವರೆಂದು ಹೇಳಿಕೊಂಡ ಕುಟುಂಬವೊಂದು ದಶಕಗಳ ಕಾಲ ವಾಸವಾಗಿತ್ತು. ಆ ಹಕ್ಕಿಗೆ ಆಧಾರವಿಲ್ಲವೆಂದು 2019ರಲ್ಲಿ ಪತ್ರಿಕಾ ತನಿಖೆಯೊಂದು ತೋರಿಸಿಕೊಟ್ಟಿತು. ದೆವ್ವದ ಕಥೆಗಿಂತ ಆ ಕುಟುಂಬದ ನೈಜ ಕಥೆಯೇ ಕೇಳುಗರ ಮನಸ್ಸನ್ನು ಹೆಚ್ಚು ಕಲಕುತ್ತದೆ ಎಂಬುದು ಇಲ್ಲಿ ಗಮನಿಸತಕ್ಕ ಅಂಶ.

ನಮ್ಮಲ್ಲಿರುವ ಸರಕು

ಯಾವುದೇ ವ್ಯಾಪಾರಕ್ಕೆ ಮೊದಲು ಸರಕು ಬೇಕು. ಈ ವಿಷಯದಲ್ಲಿ ನಮ್ಮ ಸೀಮೆ ಬಡವಾಗಿಲ್ಲ.

ಐಹೊಳೆಯಿಂದಲೇ ಆರಂಭಿಸೋಣ. ಕ್ಷತ್ರಿಯರನ್ನು ಸಂಹರಿಸಿದ ಪರಶುರಾಮನು ತನ್ನ ಕೊಡಲಿಯನ್ನು ಮಲಪ್ರಭೆಯಲ್ಲಿ ತೊಳೆದಾಗ ನೀರು ಕೆಂಪಾಯಿತೆಂದೂ, ಅದನ್ನು ಕಂಡ ಹೆಣ್ಣುಮಗಳು ‘ಅಯ್ಯೋ ಹೊಳೆ’ ಎಂದು ಕೂಗಿದ್ದರಿಂದ ಊರಿಗೆ ಈ ಹೆಸರು ಬಂದಿತೆಂದೂ ಜನರು ಹೇಳುತ್ತಾರೆ. ಹೊಳೆಯ ದಂಡೆಯಲ್ಲಿ ಕೊಡಲಿಯಾಕಾರದ ಬಂಡೆಯನ್ನೂ ತೋರಿಸುತ್ತಾರೆ. ಶಾಸನಗಳಲ್ಲಿ ಕಾಣುವ ಹೆಸರು ‘ಅಯ್ಯಾವೊಳೆ’.

ಮೇಗುಟಿ ಗುಡ್ಡದ ಮೇಲೆ ಚಾಲುಕ್ಯರಿಗಿಂತಲೂ ಬಹು ಹಿಂದಿನ ಶಿಲಾಸಮಾಧಿಗಳಿವೆ. ಇಂತಹ ಕಲ್ಲುಗೂಡುಗಳನ್ನು ಉತ್ತರ ಕರ್ನಾಟಕದ ಹಲವೆಡೆ ‘ಮೋರೇರ ಮನೆ’ಗಳೆಂದು ಕರೆಯುತ್ತಾರೆ, ಕೊಪ್ಪಳ ಸೀಮೆಯ ಹಿರೇಬೆಣಕಲ್ಲಿನವು ಪ್ರಸಿದ್ಧ. ಅಲ್ಲಿ ಕುಳ್ಳ ಜನರು ವಾಸಿಸುತ್ತಿದ್ದರೆಂಬುದು ಪ್ರತೀತಿ. ವಾಸ್ತವವಾಗಿ ಅವು ಸತ್ತವರಿಗಾಗಿ ಕಟ್ಟಿದ ಮನೆಗಳು.

ಅದೇ ಗುಡ್ಡದ ಜೈನ ಬಸದಿಯ ಗೋಡೆಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಿಕೇಶಿಯ ದಿಗ್ವಿಜಯಗಳನ್ನು ಅದು ಕೊಂಡಾಡುತ್ತದೆ. ಅದಾದ ಎಂಟೇ ವರ್ಷಗಳಲ್ಲಿ, 642ರಲ್ಲಿ, ಪಲ್ಲವ ನರಸಿಂಹವರ್ಮನು ಬಾದಾಮಿಗೆ ಮುತ್ತಿಗೆ ಹಾಕಿ ರಾಜಧಾನಿಯನ್ನು ವಶಪಡಿಸಿಕೊಂಡು ‘ವಾತಾಪಿಕೊಂಡ’ ಎಂಬ ಬಿರುದನ್ನು ಧರಿಸಿದನು. ಪುಲಿಕೇಶಿಯ ಕಥೆ ಅಲ್ಲಿಗೆ ಮುಗಿಯಿತು. ಗೆದ್ದವನ ಶಾಸನ ಇಂದಿಗೂ ಬಾದಾಮಿಯ ಬಂಡೆಯ ಮೇಲಿದೆ. ರಾಜಧಾನಿಯನ್ನು ಮರಳಿ ಪಡೆಯಲು ಒಂದನೆಯ ವಿಕ್ರಮಾದಿತ್ಯನಿಗೆ ಹತ್ತು ವರ್ಷಕ್ಕೂ ಮಿಕ್ಕಿ ಕಾಲ ಹಿಡಿಯಿತು.

ಬಾದಾಮಿಯ ಹೆಸರೇ ಒಂದು ಭಯಾನಕ ಕಥೆಯಿಂದ ಬಂದುದೆಂಬ ನಂಬಿಕೆಯಿದೆ. ಇಲ್ವಲನು ತಮ್ಮನಾದ ವಾತಾಪಿಯನ್ನು ಮೇಕೆಯಾಗಿಸಿ, ಅಡಿಗೆ ಮಾಡಿ ಅತಿಥಿಗಳಿಗೆ ಉಣಬಡಿಸುತ್ತಿದ್ದನು. ಬಳಿಕ ಹೆಸರು ಹಿಡಿದು ಕರೆದರೆ ವಾತಾಪಿ ಹೊಟ್ಟೆ ಬಗೆದು ಹೊರಬರುತ್ತಿದ್ದನು. ಅಗಸ್ತ್ಯನು ಅವನನ್ನು ಜೀರ್ಣಿಸಿಕೊಂಡನು. ಕೂಸಿನ ಹೊಟ್ಟೆ ಸವರುತ್ತ ‘ವಾತಾಪಿ ಜೀರ್ಣೋಭವ’ ಎನ್ನುವ ಅಜ್ಜಿಯರಿಗೆ ಈ ಕಥೆ ಗೊತ್ತು. ಅಗಸ್ತ್ಯ ತೀರ್ಥದ ದಂಡೆಯಲ್ಲಿ ನಿಂತು ಕೇಳಿದಾಗ ಅದರ ರುಚಿಯೇ ಬೇರೆ.

ಇವೆಲ್ಲವೂ ಒಂದು ದಿನದ ದಾರಿಯಲ್ಲಿವೆ. ಜಿಲ್ಲೆಯಲ್ಲಿ ಇನ್ನಷ್ಟು ದೂರ ಹೋದರೆ ಮುಧೋಳ ಸೀಮೆಯ ಹಲಗಲಿ ಸಿಗುತ್ತದೆ. 1857ರಲ್ಲಿ ಆಯುಧಗಳನ್ನೊಪ್ಪಿಸಲು ನಿರಾಕರಿಸಿದ ಅಲ್ಲಿನ ಬೇಡರ ಮೇಲೆ ಬ್ರಿಟಿಷರ ಸೈನ್ಯ ಎರಗಿ ಊರಿಗೆ ಬೆಂಕಿಯಿಟ್ಟಿತು. ಆ ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಆ ದುರಂತವನ್ನು ಹಾಡುವ ಲಾವಣಿಯನ್ನು ಇಂಗ್ಲಿಷ್ ಅಧಿಕಾರಿ ಫ್ಲೀಟ್ ಸಂಗ್ರಹಿಸಿದ್ದನು. ನೆರೆಯ ವಿಜಯಪುರದ ‘ಸಾಠ್ ಕಬರ್’ ಎಂಬಲ್ಲಿ ಸಾಲುಸಾಲಾಗಿ ಅರವತ್ತಕ್ಕೂ ಹೆಚ್ಚು ಗೋರಿಗಳಿವೆ. 1659ರಲ್ಲಿ ಶಿವಾಜಿಯನ್ನೆದುರಿಸಲು ಹೊರಟ ಅಫ್ಜಲಖಾನನು ತನ್ನ ಹೆಂಡಂದಿರನ್ನು ಕೊಲ್ಲಿಸಿದನೆಂಬುದು ಜನರ ಹೇಳಿಕೆ. ಗೋರಿಗಳು ಕಣ್ಣಿಗೆ ಕಾಣುವ ಸತ್ಯ. ಕಥೆ ಪರಂಪರೆಯ ಮಾತು. ಈ ವ್ಯತ್ಯಾಸ ಬಹು ಮುಖ್ಯವಾದುದರಿಂದ ಮುಂದೆ ಅದನ್ನು ಮತ್ತೆ ಪ್ರಸ್ತಾಪಿಸಲಾಗುವುದು.

ಒಂದು ಸಂಜೆಯ ಕಾರ್ಯಕ್ರಮ

ನಮ್ಮ ಸಮೀಪದ ಐಹೊಳೆಯನ್ನೇ ತೆಗೆದುಕೊಂಡು ಒಂದು ನಡಿಗೆಯನ್ನು ಹೀಗೆ ಯೋಜಿಸಬಹುದು.

1. ಮಧ್ಯಾಹ್ನ 4 ಗಂಟೆಗೆ ಅಮೀನಗಡದಿಂದ ವಾಹನದಲ್ಲಿ ಹೊರಡುವುದು.

2. ಬಿಸಿಲು ಇಳಿಯುವ ಹೊತ್ತಿಗೆ ಮೇಗುಟಿ ಗುಡ್ಡ: ಶಿಲಾಸಮಾಧಿಗಳು, ರವಿಕೀರ್ತಿಯ ಶಾಸನ, ಪುಲಿಕೇಶಿಯ ಪತನದ ಕಥೆ. ಸೂರ್ಯಾಸ್ತಕ್ಕೆ ಮೊದಲೇ ಕೆಳಗಿಳಿಯುವುದು.

3. ಊರೊಳಗಿನ ದಾರಿಯಿಂದ ಗುಡಿಗಳ ಹೆಸರುಗಳ ಕಥೆ. ದುರ್ಗದ ಗುಡಿಗೆ ಆ ಹೆಸರು ಬಂದುದು ದೇವಿಯಿಂದಲ್ಲ, ಅದನ್ನು ಒಳಗೊಂಡಿದ್ದ ಕೋಟೆಯಿಂದ. ಲಾಡಖಾನ್ ಗುಡಿಗೆ ಅಲ್ಲಿ ವಾಸವಾಗಿದ್ದವನ ಹೆಸರೇ ಉಳಿಯಿತು. ಗುಡಿಯು ಕೋಟೆಯಾಗಿ, ಕೋಟೆ ಮನೆಯಾಗಿ ಬದಲಾದ ಕಾಲದ ಅಸ್ಥಿರತೆಯನ್ನು ಇವು ಹೇಳುತ್ತವೆ.

4. ವೀರಗಲ್ಲು, ಮಾಸ್ತಿಗಲ್ಲುಗಳ ಪರಿಚಯ: ತುರುಗಳನ್ನು ಕಾಯಲು ಹೋರಾಡಿ ಮಡಿದವರು, ಗಂಡನ ಚಿತೆಯೇರಿದ ಹೆಣ್ಣುಮಕ್ಕಳು. ಕಲ್ಲಿನ ಮೇಲಿನ ಕೆಳ ಪಟ್ಟಿಕೆಯಿಂದ ಮೇಲಕ್ಕೆ ಕಥೆಯನ್ನು ಓದುವ ಬಗೆಯನ್ನು ತೋರಿಸಬೇಕು.

5. ಕತ್ತಲಾಗುವ ಹೊತ್ತಿಗೆ ಹೊಳೆಯ ದಾರಿಯಲ್ಲಿ ಪರಶುರಾಮನ ಕಥೆ. ಮಳೆಗಾಲದಲ್ಲಿ ಪ್ರವಾಹವಿದ್ದರೆ ದಂಡೆಗೆ ಇಳಿಯಬಾರದು.

6. ಕೊನೆಗೆ ಅಮೀನಗಡಕ್ಕೆ ಮರಳಿ ಜೋಳದ ರೊಟ್ಟಿ, ಎಣಗಾಯಿಯ ಊಟ ಮತ್ತು ಲಾವಣಿ ಅಥವಾ ಗೀಗೀ ಪದ.

ಸಂರಕ್ಷಿತ ಸ್ಮಾರಕಗಳಲ್ಲಿ ಸಾಮಾನ್ಯವಾಗಿ ಸೂರ್ಯಾಸ್ತದ ನಂತರ ಪ್ರವೇಶವಿಲ್ಲ. ಆದುದರಿಂದ ಒಳಗಿನ ವೀಕ್ಷಣೆಯನ್ನು ಹಗಲಿನಲ್ಲಿಯೇ ಮುಗಿಸಿ, ಕತ್ತಲ ಭಾಗವನ್ನು ಸಾರ್ವಜನಿಕ ದಾರಿಗಳಿಗೆ ಸೀಮಿತಗೊಳಿಸಬೇಕು. 2019ರಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯು ರಾತ್ರಿ 9ರವರೆಗೆ ತೆರೆದಿಡಲು ಪ್ರಕಟಿಸಿದ ದೇಶದ 10 ಸ್ಮಾರಕಗಳಲ್ಲಿ ಪಟ್ಟದಕಲ್ಲು ಮತ್ತು ಗೋಲಗುಮ್ಮಟ ಎರಡೂ ಸೇರಿದ್ದವು. ಸಂಜೆಯ ಪ್ರವಾಸಕ್ಕೆ ಸರಕಾರವೂ ವಿರುದ್ಧವಾಗಿಲ್ಲವೆಂಬುದಕ್ಕೆ ಇದು ನಿದರ್ಶನ.

ಲೆಕ್ಕಾಚಾರ

ಉದಾಹರಣೆಗೆ 15 ಜನರ ಗುಂಪಿಗೆ, ವಾಹನ ಮತ್ತು ಊಟವನ್ನು ಹೊರತುಪಡಿಸಿ, ತಲಾ 200 ರೂಪಾಯಿ ಶುಲ್ಕವಿಟ್ಟರೆ ಆದಾಯ 3,000 ರೂಪಾಯಿ. ಮಾರ್ಗದರ್ಶಕರಿಗೆ 1,000, ಹಾಡುಗಾರರಿಗೆ 500, ಚಹಾ ಮತ್ತು ಕರದಂಟಿನ ತುಣುಕಿಗೆ ತಲಾ 30ರಂತೆ 450, ದೀಪ ಹಾಗೂ ಮುದ್ರಣ ಇತ್ಯಾದಿಗೆ 250. ಒಟ್ಟು ಖರ್ಚು 2,200. ಉಳಿಯುವುದು 800 ರೂಪಾಯಿ. ಇದೇನು ದೊಡ್ಡ ಮೊತ್ತವಲ್ಲ. ಆದರೆ ನಿಜವಾದ ಲಾಭ ಇಲ್ಲಿಲ್ಲ. ರಾತ್ರಿ 8 ಗಂಟೆಗೆ ನಡಿಗೆ ಮುಗಿಸಿದವರು ಆ ಹೊತ್ತಿನಲ್ಲಿ ದೂರ ಪ್ರಯಾಣ ಮಾಡಲು ಬಯಸುವುದಿಲ್ಲ. 15 ಜನರ ಊಟ, ವಸತಿ, ಮರುದಿನದ ಉಪಾಹಾರ ಈ ಭಾಗಕ್ಕೇ ದಕ್ಕುತ್ತವೆ. ಬೆಳಿಗ್ಗೆ ಬಿಡುವಾಗಿ ಸೂಳೇಭಾವಿಯ ಮಗ್ಗ, ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣಗಳನ್ನು ನೋಡಿ ಕೊಳ್ಳುವವರೂ ಇವರೇ. ಹೀಗೆ ನಡಿಗೆಯ ವಿಷಯಕ್ಕಿಂತ ಅದರ ವೇಳೆಯೇ ವ್ಯಾಪಾರಕ್ಕೆ ಹೆಚ್ಚು ಅನುಕೂಲಕರವಾದುದು.

ತೂಕದಲ್ಲಿ ಮೋಸ ಸಲ್ಲದು

ಈ ವ್ಯಾಪಾರದಲ್ಲಿ ಬಹು ಬೇಗ ಕೆಡುವ ಸರಕೆಂದರೆ ವಿಶ್ವಾಸ. ಇದ್ದ ಕಥೆ ಸಾಲದೆಂದು ಇಲ್ಲದ ದೆವ್ವವನ್ನು ಹುಟ್ಟಿಸುವ ಆಮಿಷ ಎಲ್ಲೆಡೆಯೂ ಇದೆ. 1990ರ ದಶಕದಲ್ಲಿ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದುದನ್ನು ನಮ್ಮ ಹಿರಿಯ ಸದಸ್ಯರು ಬಲ್ಲರು. ವದಂತಿಗೆ ಕಾಲು ಬೇಕಿಲ್ಲ. ಆದುದರಿಂದ ಕೆಳಗಿನ ನಿಯಮಗಳು ಅವಶ್ಯ.

ಮೊದಲನೆಯದಾಗಿ, ಹೇಳುವ ಪ್ರತಿ ಮಾತಿಗೂ ಅದರ ತೂಕವನ್ನು ತಿಳಿಸಬೇಕು. ಶಾಸನದಲ್ಲಿದೆ, ದಾಖಲೆಯಲ್ಲಿದೆ ಎಂಬುದು ಒಂದು. ಪುರಾಣ ಅಥವಾ ಐತಿಹ್ಯ ಎಂಬುದು ಇನ್ನೊಂದು. ಜನರ ಬಾಯಿಮಾತು ಎಂಬುದು ಮತ್ತೊಂದು. ಮೂರೂ ಮಾರಾಟಕ್ಕೆ ಯೋಗ್ಯ. ಆದರೆ ಒಂದನ್ನು ಇನ್ನೊಂದೆಂದು ಮಾರಬಾರದು.

ಎರಡನೆಯದಾಗಿ, ಬದುಕಿರುವವರ ಮನೆ, ಬಾವಿ, ಹೊಲಗಳನ್ನು ‘ದೆವ್ವದ ಮನೆ’ ಎಂದು ತೋರಿಸಕೂಡದು. ಅಂತಹ ಒಂದು ಮಾತಿನಿಂದ ಆಸ್ತಿಯ ಬೆಲೆ ಕುಸಿಯಬಹುದು, ಮನೆಯ ಮಗಳ ಮದುವೆ ನಿಲ್ಲಬಹುದು. ಐಹೊಳೆಯಲ್ಲಿ ಗುಡಿಗಳ ನಡುವೆಯೇ ಜನರು ಸಂಸಾರ ಹೂಡಿದ್ದಾರೆ. ಅವರ ಅಂಗಳ ಪ್ರದರ್ಶನದ ವಸ್ತುವಲ್ಲ.

ಮೂರನೆಯದಾಗಿ, ಹಸಿಯಾಗಿರುವ ದುಃಖವನ್ನು ಸರಕಾಗಿಸಬಾರದು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಪೇಟೆ–ಓಣಿಗಳನ್ನು ಬಿಟ್ಟುಕೊಟ್ಟು ನವನಗರಕ್ಕೆ ಬಂದವರಲ್ಲಿ ನಮ್ಮ ವ್ಯಾಪಾರಿ ಬಾಂಧವರೂ ಅನೇಕರು. ಆ ಕಥೆಯನ್ನು ಹೇಳುವುದಾದರೆ ಅಲ್ಲಿ ಬದುಕಿದವರೇ ಹೇಳಬೇಕು.

ನಾಲ್ಕನೆಯದಾಗಿ, ಕಾನೂನಿನ ಅರಿವಿರಬೇಕು. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ ರಾಜ್ಯದ 2017ರ ಅಧಿನಿಯಮವು 2020ರಿಂದ ಜಾರಿಯಲ್ಲಿದೆ. ದೆವ್ವ ಬಿಡಿಸುವ ಹೆಸರಿನ ಹಿಂಸೆ, ಪವಾಡದ ಹೆಸರಿನ ವಂಚನೆ ಅಪರಾಧವಾಗುತ್ತವೆ. ಕಥೆಯನ್ನು ಕಥೆಯಾಗಿ ಹೇಳಬಹುದು. ಭಯ ಹುಟ್ಟಿಸಿ ತಾಯಿತ ಮಾರುವಂತಿಲ್ಲ. ಮಾರ್ಗದರ್ಶಕರು ಪ್ರವಾಸೋದ್ಯಮ ಇಲಾಖೆಯಿಂದ ತರಬೇತಿ ಮತ್ತು ಗುರುತಿನ ಚೀಟಿ ಪಡೆದವರಾಗಿರುವುದು ಲೇಸು.

ಸದಸ್ಯ ಬಾಂಧವರಲ್ಲಿ

ಕತ್ತಲ ಕಥೆಯು ಕತ್ತಲಲ್ಲಿಯೇ ಮುಗಿಯಬೇಕೆಂದಿಲ್ಲ. ಬಾದಾಮಿಯನ್ನು ಪಲ್ಲವರು ಗೆದ್ದ ನೂರು ವರ್ಷಗಳೊಳಗೆ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದನು. ಸೇಡು ತೀರಿಸಿಕೊಳ್ಳಲು ಅವಕಾಶವಿದ್ದರೂ ಊರನ್ನು ಕೊಳ್ಳೆ ಹೊಡೆಯದೆ, ಅಲ್ಲಿನ ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ಮರಳಿಸಿದನೆಂದು ಆ ಗುಡಿಯಲ್ಲಿ ಬರೆಸಿದ ಕನ್ನಡ ಶಾಸನ ಹೇಳುತ್ತದೆ. ಆ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದುದೇ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ. 1987ರಿಂದ ವಿಶ್ವ ಪರಂಪರೆಯ ತಾಣವಾಗಿರುವ ಪಟ್ಟದಕಲ್ಲನ್ನು ಈ ಕಥೆ ಕೇಳಿದ ಮರುದಿನ ನೋಡುವವರು ಬೇರೆಯೇ ಕಣ್ಣಿನಿಂದ ನೋಡುತ್ತಾರೆ.

ಐಹೊಳೆಯು ಅರಸರ ಊರಷ್ಟೇ ಅಲ್ಲ, ವ್ಯಾಪಾರಿಗಳ ಊರೂ ಹೌದು. ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘವು ಈ ಊರಿನ ಹೆಸರನ್ನು ದಕ್ಷಿಣ ಭಾರತದಾದ್ಯಂತ ಕೊಂಡೊಯ್ದಿತು. ಸುಮಾತ್ರಾ ದ್ವೀಪದಲ್ಲಿ ದೊರೆತ 1088ರ ತಮಿಳು ಶಾಸನದಲ್ಲಿಯೂ ಐನೂರ್ವರ ಉಲ್ಲೇಖವಿದೆ. ದರೋಡೆ, ಕಾಡು, ಸಮುದ್ರಗಳ ಅಪಾಯದ ನಡುವೆ ಕಾವಲುಪಡೆಯೊಂದಿಗೆ ಸರಕು ಸಾಗಿಸಿದ ಅವರು ತಮ್ಮ ವೀರಬಣಂಜು ಧರ್ಮವನ್ನು ಹೆಮ್ಮೆಯಿಂದ ಶಾಸನಗಳಲ್ಲಿ ಬರೆಸಿದರು.

ಅಮೀನಗಡ ಮತ್ತು ಹುನಗುಂದದ ವ್ಯಾಪಾರಸ್ಥರು, ಇತಿಹಾಸ ಬಲ್ಲ ಶಿಕ್ಷಕರು ಹಾಗೂ ಐಹೊಳೆಯ ಗ್ರಾಮಸ್ಥರು ಒಟ್ಟುಗೂಡಿ, ಬರುವ ಚಳಿಗಾಲದಲ್ಲಿ ಪ್ರಾಯೋಗಿಕವಾಗಿ ವಾರಕ್ಕೊಂದು ನಡಿಗೆಯನ್ನಾದರೂ ಆರಂಭಿಸಬಹುದು. ಮೊದಲ ನಡಿಗೆಗೆ ನಾವೇ ಹೋಗಿ ಕೇಳೋಣ. ನಮ್ಮೂರ ಕಥೆ ನಮಗೇ ಗೊತ್ತಿಲ್ಲದಿದ್ದರೆ ಬಂದವರಿಗೆ ಹೇಳುವವರಾರು?