ಗುಡ್ಡೆ ಜರಿದದ್ದೋ, ಜಲಸ್ಫೋಟವೋ?

2019ರ ಆಗಸ್ಟ್ 9. ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ದಿಡುಪೆ ಕಡೆ ಗುಡ್ಡೆ ಜರಿದು, ಹೊಳೆ ತೋಟಗಳಿಗೆ ನುಗ್ಗಿತು. ರಾತ್ರಿ ಮೂಡುಬಿದಿರೆಯಿಂದ ಭಾವನ ಫೋನು: "ಬೆಳ್ತಂಗಡಿ ಇಡೀ ಕೊಚ್ಚಿಹೋಗಿದೆಯಂತೆ, ಟೀವಿಯಲ್ಲಿ ಬರ್ತಾ ಉಂಟು. ನೀವೆಲ್ಲ ಸೌಖ್ಯ ಅಲ್ವಾ ಭಾವ?" ನಾನಿರುವುದು ಬಂಟ್ವಾಳ ತಾಲೂಕಿನ ಒಣಗುಡ್ಡೆಯಲ್ಲಿ. ಗೇರು, ಉದ್ದು, ಹುರುಳಿ ಕೃಷಿ.

ನಾಲ್ಕು ದಿನ ಬಿಟ್ಟು ದಿಡುಪೆ ಕಡೆಯ ನೆಂಟರಲ್ಲಿಗೆ ಹೋದೆ. ಅಡಿಕೆ ತೋಟದಲ್ಲಿ ಸೊಂಟದೆತ್ತರ ಹೊಯಿಗೆ, ಮರದ ದಿಮ್ಮಿಗಳು. ಜಗಲಿಯಲ್ಲಿದ್ದ ಪೇಪರಿನಲ್ಲಿ 'ಪ್ರಕೃತಿ ಮುನಿಸು', 'ಜಲಸ್ಫೋಟ' ಎಂಬ ದಪ್ಪಕ್ಷರ. ನೆಂಟರೆಂದರು: "ಮುನಿಸು ಅಂದ ಮೇಲೆ ಯಾರನ್ನು ಕೇಳುವುದು? ಕೈಮುಗಿಯುವುದಷ್ಟೇ."

ಹಿರಿಯರೂ 1923ರ ನೆರೆಯನ್ನು 'ಮಾರಿಬೊಳ್ಳ' ಎಂದೇ ಕರೆದರು. ಆದರೆ ಬಂಟ್ವಾಳ ಪೇಟೆಯಲ್ಲಿ 1923ರ ನೀರು ಎಲ್ಲಿಗೆ ಬಂತು, 1974ರದ್ದು ಎಲ್ಲಿಗೆ ಎಂದು ಗುರುತು ತೋರಿಸುವವರಿದ್ದರು. ಹೆಸರಿನ ಜತೆ ಲೆಕ್ಕವೂ ಉಳಿದಿತ್ತು.

ನೆಲದೊಳಗೆ ನೀರಿನ ಬಾಂಬು ಇರುವುದಿಲ್ಲ. ಬಿಡದೆ ಸುರಿದ ಮಳೆ ಮಣ್ಣಿನ ಸಂದಿ ತುಂಬುತ್ತದೆ. ಮಣ್ಣು ಭಾರವಾಗುತ್ತದೆ, ಒಳಗಿನ ನೀರಿನ ಒತ್ತಡಕ್ಕೆ ಹಿಡಿತ ಬಿಡುತ್ತದೆ, ಅಡಿಬಂಡೆಯ ಮೇಲಿಂದ ಜಾರುತ್ತದೆ. ಬುಡ ಅಗೆದಿದ್ದರೆ, ನೀರಿನ ದಾರಿ ಕಟ್ಟಿದ್ದರೆ ಇನ್ನೂ ಬೇಗ. 2018ರ ಕೊಡಗಿನ ಕುಸಿತಗಳಲ್ಲಿ ಭಾರಿ ಮಳೆಯ ಜತೆ ಮನುಷ್ಯ ಇಳಿಜಾರು ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದ್ದರು. ಘಟ್ಟದ ಎಲ್ಲ ಜರಿತವೂ ಅಗೆತದಿಂದಲೇ ಎಂದು ನಾನು ಹೇಳುವುದಿಲ್ಲ. ಆದರೆ 'ಮುನಿಸು' ಎಂದ ಕೂಡಲೇ ಹುಡುಕುವುದೇ ನಿಂತುಹೋಗುತ್ತದೆ.

ಇದು ನನ್ನದೇ ತಪ್ಪಿನಿಂದ ಕಲಿತ ಪಾಠ. ಪಿಕಪ್ ಬರಲೆಂದು ಜೇಸೀಬಿಯಲ್ಲಿ ಗುಡ್ಡೆಯ ಬುಡ ನೆಟ್ಟಗೆ ಕಡಿಸಿದ್ದೆ. ಆ ಮಣ್ಣನ್ನು ಹಳೆಯ ಕಣಿಗೇ ತುಂಬಿಸಿದೆ. 2020ರ ಮಳೆಗೆ ಹನ್ನೊಂದು ಗೇರುಮರ ಸಮೇತ ದರೆ ಕೂತಿತು. ಪಕ್ಕದ ಮನೆ ಹುಡುಗ ಫೋಟೋ ತೆಗೆದು 'ಜಲಸ್ಫೋಟ' ಎಂದು ಎಲ್ಲರಿಗೂ ಕಳಿಸಿದ. ನಾನು ಸುಮ್ಮನಿದ್ದೆ. ಆ ಹೆಸರು ನನಗೆ ಅನುಕೂಲವಾಗಿತ್ತು! ಮನೆಯವಳು ಮಾತ್ರ ಕೇಳಿದಳು, "ಕಣಿ ಮುಚ್ಚಿದ್ದು ಯಾರು?"

ಆಮೇಲೆ ಕಣಿ ಬಿಡಿಸಿದೆ. ದರೆಯನ್ನು ಮೆಟ್ಟಿಲಾಗಿ ಇಳಿಸಿ ಲಾವಂಚ ನೆಟ್ಟೆ. ಕಡಿದಾದ ಜಾಗದಲ್ಲಿದ್ದ ಇಂಗುಗುಂಡಿ ಮುಚ್ಚಿದೆ. ಅಲ್ಲಿ ನೀರಿಂಗಿಸುವುದೂ ಅಪಾಯವೇ. ಈಗ ಮಳೆಮಾಪಕ ಇಟ್ಟು ದಿನಾ ಬೆಳಿಗ್ಗೆ ಬರೆಯುತ್ತೇನೆ.

ಪೇಪರಿನವರನ್ನು ದೂರಿ ಫಲವಿಲ್ಲ. ನಾವು ಹೇಳಿದ್ದನ್ನೇ ಅವರೂ ಬರೆಯುವುದು. ಇನ್ನು ಬಂದರೆ ಮೂರು ಸಂಗತಿ ಹೇಳೋಣ: ಎಷ್ಟು ಮಿಲ್ಲಿಮೀಟರ್ ಮಳೆ, ಎಲ್ಲಿ ಅಗೆತ, ಯಾವ ಕಣಿ ಮುಚ್ಚಿತ್ತು. ಮುಚ್ಚಿದ್ದು ನಾವೇ ಆಗಿದ್ದರೆ ಅದನ್ನೂ.