ಬೆಳಗಿನ ಊಟಕ್ಕೆ ರಾಗಿಯಿರಲಿ, ಸಕ್ಕರೆ ತಗ್ಗಲಿ

ಗುಮಟಾಪುರವೂ ಸೇರಿದಂತೆ ನಮ್ಮ ತಾಳವಾಡಿ ಭಾಗ ರಾಗಿಯ ನಾಡು. ಆದರೂ ಹಲವು ಮಕ್ಕಳು ಸಿಹಿ ಟೀ, ಬಿಸ್ಕತ್ತು ಸೇವಿಸಿ ಶಾಲೆಗೆ ಬರುತ್ತಾರೆ. ಆ ಸಕ್ಕರೆ ರಕ್ತಕ್ಕೆ ಬೇಗ ಸೇರುತ್ತದೆ. ಹಸಿವೂ ಬೇಗ ಮರಳುತ್ತದೆ.

100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, 350 ಮಿಲಿಗ್ರಾಂ ಕ್ಯಾಲ್ಸಿಯಂ ಇವೆ. ನಾರು ಜೀರ್ಣಕ್ರಿಯೆಯನ್ನು ನಿಧಾನಗೊಳಿಸುವುದರಿಂದ ಹೊಟ್ಟೆ ಹೆಚ್ಚು ಹೊತ್ತು ತುಂಬಿರುತ್ತದೆ. ಸೊಪ್ಪು ಬೆರೆಸಿದ ರಾಗಿ ರೊಟ್ಟಿ, ಹುರುಳಿ ಸಾರಿನೊಡನೆ ಮುದ್ದೆ, ಮಜ್ಜಿಗೆಯ ಅಂಬಲಿಯೊಡನೆ ಬೇಯಿಸಿದ ಕಡಲೆಕಾಯಿ: ಇವುಗಳಲ್ಲಿ ಯಾವುದಾದರೂ ಸರಿ. ರಾಗಿ ಮಾಲ್ಟಿಗೆ ಬೆಲ್ಲ ಸುರಿದರೆ ಅದೂ ಸಕ್ಕರೆಯೇ.

ತಮಿಳುನಾಡು ಸರ್ಕಾರವು 2022ರ ಸೆಪ್ಟೆಂಬರ್ 15ರಂದು ಆರಂಭಿಸಿದ ಶಾಲಾ ಉಪಾಹಾರ ಯೋಜನೆ 1ರಿಂದ 5ನೆಯ ತರಗತಿಯ ಮಕ್ಕಳಿಗಾಗಿ ರೂಪುಗೊಂಡದ್ದು. ಅವರಿಗಿಂತ ದೊಡ್ಡ ಮಕ್ಕಳ ಬೆಳಗಿನ ಊಟ ಮನೆಯ ಹೊಣೆ. ಬೆಳೆದ ರಾಗಿಯನ್ನೆಲ್ಲ ಮಾರದೆ, ಮಕ್ಕಳ ಪಾಲನ್ನು ಮನೆಯಲ್ಲಿ ಉಳಿಸಿಕೊಳ್ಳೋಣ.