ಕಟ್ಟಿದ ಮೂಗಿಗೆ ಮನೆಮದ್ದು

ಆಷಾಢದ ಮಳೆ ಹಿಡಿಯಿತೆಂದರೆ ಬೈಂದೂರಿನ ಬಳಿ ಕಡಲ ತಡಿಯಲ್ಲಿರುವ ಶಿರೂರಿನಲ್ಲಿ ಮಕ್ಕಳ ಮೂಗು ಕಟ್ಟುವುದು ವಾಡಿಕೆಯೇ ಸರಿ. ಹಿತ್ತಿಲಿನ ದೊಡ್ಡಪತ್ರೆ, ತುಳಸಿ, ಕಾಳುಮೆಣಸು ಕಷಾಯದ ಪಾತ್ರೆಯನ್ನು ಸೇರುತ್ತವೆ. ಬೆಚ್ಚಗಿನ ಕಷಾಯ ಬೆಳೆದ ಮಕ್ಕಳ ಗಂಟಲಿಗೆ ಹಿತವೇನೋ ನಿಜ. ಆದರೆ ವರ್ಷ ತುಂಬದ ಕೂಸಿಗೆ ಜೇನು ಮಾತ್ರ ಸಲ್ಲದು.

ಮೂಗಿನ ಸುತ್ತಣ ಎಲುಬುಗಳಲ್ಲಿರುವ ಗಾಳಿಗೂಡುಗಳೇ ಸೈನಸ್. ನೆಗಡಿಯಿಂದ ಅವುಗಳ ಕಿರುಬಾಯಿ ಊದಿ ಮುಚ್ಚಿದಾಗ ಲೋಳೆ ಒಳಗೇ ನಿಂತು ಸೋಂಕು ತಗಲುತ್ತದೆ. ಲೋಳೆಯನ್ನು ಸಡಿಲಿಸಲು ಉಪ್ಪುನೀರು ಸುಲಭೋಪಾಯ: ಕುದಿಸಿ ಆರಿಸಿದ 250 ಮಿಲಿಲೀಟರ್ ನೀರಿಗೆ ಅರ್ಧ ಚಹಾ ಚಮಚಕ್ಕೆ ತುಸು ಕಡಿಮೆ ಉಪ್ಪು, ಹೊಳ್ಳೆಗೆ ಎರಡೆರಡು ಹನಿ. ಕಡಲ ನೀರು ಬೇಡ. ಅದರ ಉಪ್ಪು ಇದರ ಸುಮಾರು ನಾಲ್ಮಡಿ.

ಅಂಜಬೇಕಾದುದು ಹಬೆಗೆ. ಕಂಬಳಿ ಹೊದಿಸಿ ಕುದಿನೀರಿನ ಮುಂದೆ ಕೂರಿಸಿದ ಮಗು ಒಮ್ಮೆ ಕೊಸರಿದರೆ ಸಾಕು, ಪಾತ್ರೆ ಮಡಿಲಿಗೇ ಮಗುಚೀತು. ಕರ್ಪೂರದೆಣ್ಣೆಯನ್ನೂ ಎಳೆಯರ ಮೂಗಿಗೆ ಸವರಬಾರದು. ಒಳಹೊಕ್ಕರೆ ಅದು ಸೆಳವು ತರಬಲ್ಲುದು.

10 ದಿನವಾದರೂ ನೆಗಡಿ ಇಳಿಯದಿದ್ದರೆ ವೈದ್ಯರಿಗೆ ತೋರಿಸಿರಿ. ಕಣ್ಣಿನ ಸುತ್ತ ಊದಿ ಕೆಂಪೇರಿತೋ, ಆ ಗಳಿಗೆಯೇ ಆಸ್ಪತ್ರೆಗೆ ಹೊರಡಿರಿ. ಆಗ ಕಷಾಯ ಕಾಯಿಸುತ್ತ ಕುಳಿತಿರಬಾರದು.